ಹೊರಗಿನ ನಾಲ್ಕು ಸಾಲು

ಅವನು ಬರುವ ದಿನಕ್ಕೆಂದು ಅವಳು ದೋಣಿಯನ್ನು ಮೂವತ್ತೆರಡು ದಿನ ಬಿಸಿಲಲ್ಲಿ ಒಣಗಿಸಿದ್ದಳು.

ಹಲಗೆ ಜೋಡಿಸಿ ಕಟ್ಟಿದ ಮರದ ದೋಣಿಯನ್ನು ಹಾಗೆ ಒಣಗಿಸಬಾರದು. ಮರಕ್ಕೆ ಬಾಯಾರುತ್ತದೆ. ಹಲಗೆಗಳು ಕುಗ್ಗಿ ಸಂದುಗಳು ಬಾಯಿ ಬಿಡುತ್ತವೆ, ನೀರಿಗಿಳಿಸಿದರೆ ಜರಡಿಯ ಹಾಗೆ ಸೋರುತ್ತದೆ. ಎರಡು ಮೂರು ದಿನ ನೀರಲ್ಲೇ ಬಿಟ್ಟರೆ ಮರ ಹೊಟ್ಟೆ ತುಂಬ ಕುಡಿದು, ಉಬ್ಬಿ, ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ದೋಣಿ ಕಟ್ಟುವವರ ಮನೆಯಲ್ಲಿ ಹುಟ್ಟಿದ ಯಾವ ಮಗುವಿಗೂ ಇದು ಗೊತ್ತು. ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಒಣಗಿಸಿದ್ದಳು.

ಹಿನ್ನೀರಿನ ದಡದಲ್ಲಿ ದೋಣಿ ಕಟ್ಟುವ ಶೆಡ್ಡಿಗೆ ದೊಡ್ಡಮೇಸ್ತ್ರಿ ಅವಳ ಅಪ್ಪ, ಹಾಗಾಗಿ ಅವಳು ಸಣ್ಣಮೇಸ್ತ್ರಿ. ಅಪ್ಪನ ತಂಗಿ, ಅಂದರೆ ಅವಳ ಅತ್ತೆ, ದೋಣಿಗಳಿಗೆ ಬಣ್ಣ ಹಚ್ಚುವವಳು. ಬಾಯಿಗೆ ಬೀಗವಿಲ್ಲದ ಹೆಂಗಸು.

“ಏನೇ ಇದು, ದೋಣಿ ಒಣಗಿಸ್ತಿದೀಯೋ, ಬಟ್ಟೆ ಒಣಗಿಸ್ತಿದೀಯೋ?”

“ಪೆನ್ನಪ್ಪ ಬರ್ತಿದಾನೆ ಅತ್ತೆ. ನಾನೇ ಕರೆಸ್ತಿದೀನಿ.”

ಅತ್ತೆಯ ಕುಂಚ ಡಬ್ಬಿಯಲ್ಲೇ ನಿಂತಿತು. “ಅವನನ್ನಾ? ಉಪಚಾರ ಮಾಡೋಕೋ, ಉಗಿಯೋಕೋ?”

“ಮುಳುಗಿಸೋಕೆ.”

ಪೆನ್ನಪ್ಪ ಎನ್ನುವುದು ಅತ್ತೆಯೇ ಇಟ್ಟ ಹೆಸರು. ದೋಣಿಗಳ ಬಗ್ಗೆಯೇ ಬರೆಯುವ ಒಂದು ಆನ್‌ಲೈನ್ ಪತ್ರಿಕೆಗೆ ಅವನು ವಿಮರ್ಶಕ. ಪೆನ್ನು ಹಿಡಿದದ್ದನ್ನು ಯಾರೂ ಕಂಡಿಲ್ಲ, ಬರೆಯುವುದೆಲ್ಲ ಫೋನಿನಲ್ಲೇ. ಆದರೂ ಯಾವ ದೋಣಿ ಕೊಳ್ಳಬೇಕು, ಯಾವುದರ ಹತ್ತಿರ ಸುಳಿಯಬಾರದು ಎಂದು ಅವನು ಹೇಳಿದರೆ ಜನ ಕೇಳುತ್ತಿದ್ದರು.

ಎರಡು ವರ್ಷದ ಹಿಂದೆ ಅವನನ್ನು ಮೊದಲ ಸಲ ಕರೆಸಿದವಳೂ ಅವಳೇ. ಅಪ್ಪ ಒಂಬತ್ತು ತಿಂಗಳು ಕೂತು ಒಂದು ದೋಣಿ ಕಟ್ಟಿದ್ದರು. ಇವನು ಬಂದು ನೋಡಿ ನಾಲ್ಕು ಒಳ್ಳೆಯ ಮಾತು ಬರೆದರೆ ಶೆಡ್ಡಿನ ಮುಂದೆ ಗಿರಾಕಿಗಳ ಸಾಲು ನಿಲ್ಲುತ್ತದೆ ಎಂದು ಅವಳ ಲೆಕ್ಕ. ಬಂದ. ದೋಣಿಯ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಲು ಹೋಗಿ ಜಡೆ ಹಾಕಿದಂತೆ ಏನೋ ಸುತ್ತಿದ. ಅವಳು ನಕ್ಕಳು. ಅವನು ತಲೆಯೆತ್ತಿ ನೋಡಿ, ಒಂದು ಗಳಿಗೆ ಹೆಚ್ಚೇ ನೋಡಿ, ತಾನೂ ನಕ್ಕ. ಆ ನಗು ನಾಲ್ಕು ದಿನ ಅವಳ ಹಿಂದೆ ಮುಂದೆ ಸುತ್ತಾಡಿತ್ತು.

ಆದರೆ ಅವತ್ತು ದೋಣಿ ಸೋರಿತು. ಮರ ಒಣಗಿತ್ತು. ಯಾಕೆ ಒಣಗಿತ್ತು ಎಂಬ ಮಾತು ಬಂದಾಗಲೆಲ್ಲ ಸಣ್ಣಮೇಸ್ತ್ರಿ ಬೇರೆ ಮಾತು ತೆಗೆಯುತ್ತಿದ್ದಳು. ಅಪ್ಪ ಸಮಾಧಾನವಾಗಿಯೇ, “ಮೂರು ದಿನ ಬಿಟ್ಟು ಬನ್ನಿ, ಒಂದು ಹನಿ ಬರಲ್ಲ” ಎಂದಿದ್ದರು. ಅವನು ತಲೆಯಾಡಿಸಿ ಹೋದವನು ಮತ್ತೆ ಕಾಣಲಿಲ್ಲ. ಐದನೇ ದಿನ ಪತ್ರಿಕೆಯಲ್ಲಿ ಈ ನಾಲ್ಕು ಸಾಲು ಬಂತು:

‘ಈ ದೋಣಿ ನೋಡಲು ಮದುಮಗಳ ಹಾಗಿದೆ. ಹತ್ತಿ ಕೂತ ಅರ್ಧ ಗಂಟೆಗೆ ನನ್ನ ಎರಡೂ ಬೂಟು ನೀರಿನಲ್ಲಿದ್ದವು. ಮೂರು ದಿನ ಬಿಟ್ಟು ಬನ್ನಿ ಎಂದರು ಮೇಸ್ತ್ರಿ. ಅಲ್ಲಿಯವರೆಗೆ ಇದು ತೇಲುತ್ತಿರುತ್ತದೆಯೇ?’

ಅದರ ಕೆಳಗೆ ಒಂದು ಬೀಗದ ಚಿತ್ರ. ‘ಮುಂದೆ ಓದಲು ಚಂದಾದಾರರಾಗಿ.’

“ಅಪ್ಪನ ಮುಖಕ್ಕೆ ಮಸಿ ಬಳಿದವನಿಗೆ ನಾನು ದುಡ್ಡು ಬೇರೆ ಕೊಡ್ಬೇಕಾ?” ಎಂದು ಅವಳು ಅವತ್ತು ಫೋನು ಎಸೆದಿದ್ದಳು.

“ಕೊಡ್ಬೇಡ,” ಎಂದಿದ್ದಳು ಅತ್ತೆ. “ಆ ದುಡ್ಡಿಗೆ ಒಂದು ಡಬ್ಬಿ ಬಣ್ಣ ಬರುತ್ತೆ. ಓದಿದ್ರೆ ಏನು ಬರುತ್ತೆ, ಮೈಯುರಿ!”

ದೋಣಿ ಮಾಡಿಸಲು ಹೇಳಿದ್ದ ಐದು ಜನರಲ್ಲಿ ನಾಲ್ವರು ಬೇಡವೆಂದರು. ಐದನೆಯವನು ಫೋನನ್ನೇ ಎತ್ತಲಿಲ್ಲ. ಅಪ್ಪ ಯಾರಿಗೂ ಒಂದು ಮಾತು ಅನ್ನಲಿಲ್ಲ. ಮರ ಕೆತ್ತುವ ತಮ್ಮ ಬಾಚಿಯನ್ನು ಒರೆಸಿ, ಎಣ್ಣೆ ಹಚ್ಚಿ, ಗೋಡೆಯ ಮೊಳೆಗೆ ನೇತುಹಾಕಿದರು. ಅವತ್ತಿನಿಂದ ಕಂಡವರ ಫೈಬರ್ ದೋಣಿಗೆ ತೇಪೆ ಹಾಕುವುದು, ಹುಟ್ಟು ಕೆತ್ತುವುದು, ಇಷ್ಟೇ ಅವರ ಕೆಲಸ. ಎರಡು ವರ್ಷದಲ್ಲಿ ಬಾಚಿಯ ಮೇಲೆ ಜೇಡ ಮನೆ ಮಾಡಿತ್ತು. ಅದನ್ನು ಕಂಡಾಗಲೆಲ್ಲ ಅವಳು ಹಲ್ಲು ಕಡಿಯುತ್ತಿದ್ದಳು. ಅಪ್ಪ ಮತ್ತೆ ಆ ಬಾಚಿ ಹಿಡಿಯಬೇಕು, ಅದಕ್ಕೆ ಮೊದಲು ಈ ಮನುಷ್ಯ ಊರೆದುರು ನಗೆಪಾಟಲಾಗಬೇಕು ಎಂಬುದೇ ಅವಳ ಹಟ.

ಹಾಗಾಗಿ ಈ ಉಪಾಯ. ಅವಳೇ ಸ್ವಂತ ಕೈಯಿಂದ ಕಟ್ಟಿದ, ಇಬ್ಬರು ಕೂರುವ ಪುಟ್ಟ ದೋಣಿ. ನಡು ನೀರಿಗೆ ಒಯ್ಯುವುದು. ಸಂದು ಸಂದಿನಿಂದ ನೀರು ನುಗ್ಗುವಾಗ ಅವನು ಕಿರುಚಾಡುವುದನ್ನು ವಿಡಿಯೋ ಮಾಡುವುದು. ಆಮೇಲೆ ಚಂದಾ ಇಲ್ಲದೆ, ಬೀಗ ಇಲ್ಲದೆ, ಲೋಕಕ್ಕೆಲ್ಲ ಬಿಟ್ಟಿಯಾಗಿ ತೋರಿಸುವುದು. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಲೋಕ ಇದು, ನೋಡದೆ ಬಿಟ್ಟೀತೆ?

* * *

ಅವನು ಬೆಳಿಗ್ಗೆ ಹತ್ತಕ್ಕೆ ಬಂದ. ಗೇಟಿನ ಹತ್ತಿರವೇ ಲೈಫ್ ಜಾಕೆಟ್ ತೊಟ್ಟುಕೊಂಡಿದ್ದ.

“ಈಜು ಬರಲ್ವಾ?” ಎಂದಳು ಅವಳು, ಅಷ್ಟು ದೊಡ್ಡ ಖುಷಿಯನ್ನು ಅಡಗಿಸಿಟ್ಟುಕೊಂಡು.

“ಬರಲ್ಲ.”

“ದೋಣಿ ಬಗ್ಗೆ ಬರೀತೀರಿ!”

“ಅದಕ್ಕೇ ಸರಿಯಾಗಿ ಬರೀತೀನಿ. ಮುಳುಗಿದ್ರೆ ಮೊದಲು ಹೋಗೋನು ನಾನೇ ನೋಡಿ.”

ಅವಳಿಗೆ ನಗು ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಅವನು ತೆಳ್ಳಗಾಗಿದ್ದ. ಕಿವಿಯ ಹತ್ತಿರ ಎರಡು ಬಿಳಿ ಕೂದಲು ಕಂಡವು. ಅವನ್ನೆಲ್ಲ ಯಾಕೆ ನೋಡುತ್ತಿದ್ದೇನೆ ಎಂದು ಕಣ್ಣನ್ನು ಎಳೆದು ತಂದು ದೋಣಿಯ ಮೇಲಿಟ್ಟಳು.

ಅವನು ಬಗ್ಗಿ ಹಗ್ಗ ಕಟ್ಟಿದ. ಈ ಸಲ ಗಂಟು ಬೊಂಬಾಟಾಗಿ ಕೂತಿತು. ತಲೆಯೆತ್ತದೆ, “ಈ ಸಲ ನಗಲಿಲ್ಲ,” ಎಂದ.

“ನಗೋ ಹಾಗೆ ಕಟ್ಟಿಲ್ವಲ್ಲ.”

“ಎರಡು ವರ್ಷ ಪ್ರಾಕ್ಟೀಸ್ ಮಾಡಿದೀನಿ. ವೇಸ್ಟ್ ಆಯ್ತು ಅನ್ನಿಸ್ತಿದೆ.”

ಆಮೇಲೆ ಅವನು ದೋಣಿಯ ಪಕ್ಕ ಕೂತು ಒಂದು ಸಂದಿಗೆ ಬೆರಳಿಟ್ಟ. ಉಗುರು ಪೂರಾ ಒಳಗೆ ಹೋಯಿತು. ಅವನು ಒಂದು ಕ್ಷಣ ಅವಳ ಮುಖ ನೋಡಿದ. ಬೂಟು ಕಳಚಿ ದಡದ ಕಲ್ಲಿನ ಮೇಲೆ ಜೋಡಿಸಿಟ್ಟ. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದ. ಹತ್ತಿ ಕೂತ.

ಅವಳು ಹಗ್ಗ ಬಿಚ್ಚಿ, ದೋಣಿಯನ್ನು ನೀರಿಗೆ ತಳ್ಳಿ, ತಾನೂ ಹತ್ತಿ ಹುಟ್ಟು ಹಾಕಿದಳು. ಶೆಡ್ಡಿನ ಬಾಗಿಲಲ್ಲಿ ಅತ್ತೆ ಕುಂಚ ಹಿಡಿದು, ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದಳು. ಅಪ್ಪ ಮಾತ್ರ ಬೆಂಚಿನಿಂದ ತಲೆಯೆತ್ತಲಿಲ್ಲ.

ನಡು ನೀರು ಬರುವ ಹೊತ್ತಿಗೆ ದೋಣಿಯೊಳಗೆ ನೀರು ಪಾದ ಮುಟ್ಟಿತ್ತು. ಅವಳು ಹುಟ್ಟನ್ನು ಒಳಗೆಳೆದುಕೊಂಡು, ಫೋನು ತೆಗೆದು ಅವನ ಮುಖಕ್ಕೆ ಹಿಡಿದಳು. ಎರಡು ವರ್ಷ ಕಾದ ಗಳಿಗೆ.

“ಹೇಳಿ ವಿಮರ್ಶಕರೇ. ದೋಣಿ ಹೇಗಿದೆ?”

“ಚೆನ್ನಾಗಿದೆ.”

“ಸೋರ್ತಿದೆ!”

“ಸೋರ್ಲೇಬೇಕಲ್ಲ. ತಿಂಗಳಿಗಿಂತ ಹೆಚ್ಚು ಒಣಗಿಸಿದೀರಿ. ನಾಡಿದ್ದು ನಿಂತುಹೋಗುತ್ತೆ.”

ಫೋನು ಹಿಡಿದ ಕೈ ತಾನಾಗಿ ಕೆಳಗಿಳಿಯಿತು. “ಗೊತ್ತಿತ್ತಾ?”

“ಉಗುರು ಒಳಗೆ ಹೋದಾಗಲೇ ಗೊತ್ತಾಯ್ತು.”

“ಮತ್ತೆ ಈಜು ಬರ್ದೇ ಇರೋ ಮನುಷ್ಯ ಯಾಕೆ ಹತ್ತಿದ್ರಿ?”

“ನೀವು ಕರೆದ್ರಿ.” ಅವನು ಸೀಟಿನ ಕೆಳಗಿದ್ದ ಪ್ಲಾಸ್ಟಿಕ್ ಮಗ್ಗು ಹುಡುಕಿ ತೆಗೆದು ನೀರು ಮೊಗೆದು ಹೊರಗೆ ಚೆಲ್ಲತೊಡಗಿದ. “ಉಪ್ಪು ತಿಂದೋನು ನೀರು ಕುಡೀಬೇಕಲ್ಲ. ನಾನು ತಿಂದಿದೀನಿ.”

ಸೇಡು ತೀರಿಸಿಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಕಿರುಚಬೇಕಾದವನು ಕಿರುಚದೆ, ಮನೆಗೆಲಸದ ಹಾಗೆ ನೀರು ಚೆಲ್ಲುತ್ತ ಕೂತರೆ ಏನು ಮಾಡುವುದು? ಅವಳಿಗೆ ಅಳು ಬರುವಷ್ಟು ಕೋಪ ಬಂತು.

“ಅಪ್ಪನೂ ಇದನ್ನೇ ಹೇಳಿದ್ರಲ್ಲ ಅವತ್ತು! ಮೂರು ದಿನ ಬಿಟ್ಟು ಬನ್ನಿ ಅಂದ್ರು. ಆ ಮಾತನ್ನೇ ಗೇಲಿ ಮಾಡಿ ಬರೆದ್ರಿ. ಅವರು ಬಾಚಿ ಮುಟ್ಟಿ ಎರಡು ವರ್ಷ ಆಯ್ತು, ಗೊತ್ತಾ ನಿಮಗೆ?”

ಅವನ ಕೈಯಲ್ಲಿದ್ದ ಮಗ್ಗು ನಿಂತಿತು. “ಬಾಚಿ ಬಿಟ್ರಾ? ಯಾಕೆ? ನಾನು... ನೀವು ಅದನ್ನ ಪೂರ್ತಿ ಓದಿದೀರಾ?”

“ಪೂರ್ತಿ ಓದೋಕೆ ದುಡ್ಡು ಕೊಡ್ಬೇಕಂತಲ್ಲ!”

“ಯಾರೂ ಓದಲಿಲ್ವಾ? ಮನೇಲಿ ಒಬ್ರೂ?”

“ಬೈಸ್ಕೊಳ್ಳೋಕೆ ಚಂದಾ ಕಟ್ಟೋ ದಡ್ಡರು ನಮ್ಮನೇಲಿ ಯಾರೂ ಇಲ್ಲ.”

ಅವನು ತನ್ನ ಫೋನು ತೆಗೆದು ಅವಳ ಕಡೆ ಚಾಚಿದ. “ತಗೊಳ್ಳಿ. ಓದಿ.”

“ನಿಮ್ಮ ಭಿಕ್ಷೆ ಬೇಡ.” ಹಟ ಎಂದರೆ ಅವಳದು. ತನ್ನ ಫೋನಿನಲ್ಲೇ ಆ ಹಳೆಯ ಪುಟ ತೆರೆದು, ಒದ್ದೆ ಬೆರಳನ್ನು ಸೊಂಟಕ್ಕೆ ಒರೆಸಿಕೊಂಡು, ‘ಒಂದು ತಿಂಗಳು’ ಎಂಬುದನ್ನು ಒತ್ತಿದಳು. ನೀರು ಕಣಕಾಲಿಗೆ ಬಂದಿತ್ತು. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು.

“ಒ.ಟಿ.ಪಿ. ಬಂತಾ?” ಎಂದ ಅವನು, ಎರಡೂ ಕೈಯಿಂದ ಮೊಗೆಯುತ್ತ.

“ನೀವು ನೀರು ನೋಡ್ಕೊಳ್ಳಿ.”

“ಸ್ವಲ್ಪ ಬೇಗ ಬಂದ್ರೆ ಒಳ್ಳೇದಿತ್ತು.”

ಬೀಗ ತೆರೆದುಕೊಂಡಿತು. ಆ ನಾಲ್ಕು ಸಾಲಿನ ಕೆಳಗೆ ಅವಳು ಎಂದೂ ಕಾಣದ ಅಕ್ಷರಗಳಿದ್ದವು.

‘ತೇಲುತ್ತಿತ್ತು. ಮೂರನೇ ದಿನ ಬೆಳಿಗ್ಗೆ, ಮೊದಲ ಬಸ್ಸಿಗೆ ಮುಂಚೆ ಒಬ್ಬನೇ ಹೋದೆ. ಶೆಡ್ಡಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ದೋಣಿಯ ತಳದಲ್ಲಿ ಒಂದು ಬಿಳಿ ಹಾಳೆ ಹಾಸಿ, ದಡದ ಗುಂಟ ಒಂದು ಗಂಟೆ ಹುಟ್ಟು ಹಾಕಿದೆ. ಹಾಳೆಯ ಮೂಲೆಯೂ ಒದ್ದೆಯಾಗಲಿಲ್ಲ. ಮರ ನೀರು ಕುಡಿದು ಗಟ್ಟಿಯಾಗುತ್ತದೆ ಎಂಬುದು ಹತ್ತು ವರ್ಷ ದೋಣಿಗಳ ಬಗ್ಗೆ ಬರೆದ ನನಗೆ ತಿಳಿದಿರಲಿಲ್ಲ. ಮೇಸ್ತ್ರಿಯವರೇ, ತಪ್ಪಾಯಿತು. ನಾನು ಕೂತ ದೋಣಿಗಳಲ್ಲಿ ಇದಕ್ಕೆ ಸಾಟಿ ಇಲ್ಲ.’

ಕೊನೆಗೆ ಇನ್ನೂ ಒಂದು ಸಾಲಿತ್ತು. ‘ನಾನು ಹಗ್ಗ ಕಟ್ಟಿದ್ದನ್ನು ನೋಡಿ ಮೇಸ್ತ್ರಿಯವರ ಮಗಳು ನಕ್ಕರು, ಆ ನಗುವಿಗೆ ಎಷ್ಟು ಅಂಕ ಕೊಡಬೇಕೆಂದು ಪತ್ರಿಕೆ ನನಗೆ ಕಲಿಸಿಲ್ಲ.’

ಅವಳಿಗೆ ಆ ಹಾಳೆ ನೆನಪಿತ್ತು. ಯಾರೋ ಕಸ ಎಸೆದಿದ್ದಾರೆ ಎಂದು ಬೈದುಕೊಂಡು ಅವಳೇ ಅದನ್ನು ಉಂಡೆ ಮಾಡಿ ಬಿಸಾಕಿದ್ದಳು. ಒಣ ಹಾಳೆ. ಗರಿಗರಿಯಾಗಿತ್ತು.

ಹೊಟ್ಟೆಯೊಳಗೆ ಎರಡು ವರ್ಷ ಉರಿದದ್ದು ಒಂದು ಕ್ಷಣ ತಣ್ಣಗಾಯಿತು. ಆದರೆ ಒಂದೇ ಕ್ಷಣ.

“ಇದನ್ನ ಎಷ್ಟು ಜನ ಓದಿದ್ರು?”

“ಮುನ್ನೂರ ಹನ್ನೊಂದು.”

“ಹೊರಗಿನ ನಾಲ್ಕು ಸಾಲು?”

ಅವನು ಇನ್ನೊಂದು ಮಗ್ಗು ನೀರು ಚೆಲ್ಲಿದ. “ನಲವತ್ತು ಸಾವಿರದ ಹತ್ತಿರ.”

“ಆ ನಾಲ್ಕನ್ನೇ ಹೊರಗಿಡಿ ಅಂತ ಹೇಳಿದ್ದು ಯಾರು? ಆಫೀಸಿನವರಾ?”

ಹೌದು ಎಂದಿದ್ದರೆ ಅವಳು ನಂಬುತ್ತಿದ್ದಳು. ನಂಬಲು ಅವಳಿಗೆ ಆಸೆಯೂ ಇತ್ತು.

“ನಾನೇ,” ಎಂದ ಅವನು. “ಹೊರಗೆ ಕುತೂಹಲ ಹುಟ್ಟಿಸ್ಬೇಕು, ಒಳಗೆ ಸತ್ಯ ಹೇಳ್ಬೇಕು. ಹೊಗಳಿಕೆ ಹೊರಗಿಟ್ರೆ ಯಾರೂ ಬೀಗ ತೆಗೆಯಲ್ಲ. ಜನ ಒಳಗೆ ಬಂದೇ ಬರ್ತಾರೆ ಅಂದ್ಕೊಂಡಿದ್ದೆ. ನಿಮ್ಮಪ್ಪ ಓದಿ ನಗ್ತಾರೆ ಅಂದ್ಕೊಂಡಿದ್ದೆ. ನೀವು ಓದಿ ಒಂದು ಪತ್ರ ಬರೀತೀರಾ ಅಂತ ಎರಡು ವರ್ಷ ನೋಡ್ದೆ.”

“ಅಂದ್ರೆ ಸತ್ಯ ಒಳಗಿಟ್ಟು ಬೀಗ ಹಾಕಿ, ಬೈಗುಳಾನ ಬಾಗಿಲಲ್ಲಿ ನಿಲ್ಲಿಸಿದ್ರಿ. ಇದಕ್ಕಿಂತ ನೀವು ಪೂರ್ತಿ ಸುಳ್ಳು ಬರೆದಿದ್ರೆ ಚೆನ್ನಾಗಿತ್ತು! ದ್ವೇಷ ಮಾಡೋಕಾದ್ರೂ ಸುಲಭವಾಗಿರ್ತಿತ್ತು!”

ಅವನು ತಲೆ ತಗ್ಗಿಸಿ ನೀರು ಚೆಲ್ಲಿದ. ಚೆಲ್ಲಿದಷ್ಟೂ ಬರುತ್ತಿತ್ತು. ತಪ್ಪು ಮಾಡಿದವನು ಹಾಗೆ ಒಪ್ಪಿಕೊಂಡು ಕೂತಾಗ ಎದುರಿಗಿರುವವರ ತಪ್ಪಿಗೆ ಅಡಗಿ ಕೂರಲು ಜಾಗ ಸಿಗುವುದಿಲ್ಲ. ಅವಳ ಬಾಯಿಂದ ಎರಡು ವರ್ಷ ಬಾರದ ಮಾತು ಈಗ ಹೊರಬಂತು.

“ಅವತ್ತು ಅದು ಯಾಕೆ ಒಣಗಿತ್ತು ಗೊತ್ತಾ? ನಾನು ಒಣಗಿಸಿದೆ. ಅಪ್ಪ ಬೇಡ ಮಗಳೇ ಅಂದ್ರು. ಫೋಟೋದಲ್ಲಿ ಹೊಳೀಬೇಕು ಅಂತ ಮೂರು ವಾರ ಮೇಲೆತ್ತಿ ಎರಡು ಕೋಟು ವಾರ್ನಿಷ್ ಹೊಡೆದೆ. ನೀವು ಬರೋ ಬೆಳಿಗ್ಗೆಯೇ ನೀರಿಗಿಳಿಸಿದೆ. ಅಪ್ಪ ನಿಮ್ಮೆದುರು ನನ್ನ ಹೆಸರು ಹೇಳಲಿಲ್ಲ. ಆಮೇಲೆ ನಾನೂ ಹೇಳಲಿಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಆದರೆ ಈ ಎಮ್ಮೆಯೂ ಅಷ್ಟು ಸಾಚಾ ಅಲ್ಲವಲ್ಲ!

“ದಡಕ್ಕೆ ಹೋಗೋಣ್ವಾ?” ಎಂದ ಅವನು ಮೆಲ್ಲಗೆ.

“ಹೋಗೋಣ. ಆದ್ರೆ ನಿಮ್ಮನ್ನ ಬಿಟ್ಟೆ ಅಂತ ತಿಳ್ಕೋಬೇಡಿ.” ಅವಳು ಕಣ್ಣೊರೆಸಿಕೊಂಡು ಹುಟ್ಟು ಹಿಡಿದಳು. “ಶಿಕ್ಷೆ ಎರಡು. ಒಂದು, ಒಳಗಿರೋದೆಲ್ಲ ಹೊರಗೆ ಬರ್ಬೇಕು, ತಪ್ಪು ನಿಮ್ಮದು ಅಂತ ಮೊದಲ ಸಾಲಲ್ಲೇ ಇರ್ಬೇಕು. ಎರಡು, ಈ ದೋಣಿ ನೀರು ಕುಡಿದು ಮುಗಿಸೋ ತನಕ ನೀವೇ ಇದರ ನೀರು ಚೆಲ್ಬೇಕು. ನಮ್ಮಪ್ಪನ ಕಣ್ಣೆದುರಿಗೆ.”

“ಮೂರು ದಿನಾನಾ?”

“ಜಾಸ್ತಿ ಆಯ್ತಾ?”

“ಕಡಿಮೆ ಆಯ್ತು ಅಂದೆ.”

ಅವಳು ಅವನನ್ನು ನೋಡದೆ ಜೋರಾಗಿ ಹುಟ್ಟು ಹಾಕಿದಳು. ಕಿವಿ ಕೆಂಪಾದದ್ದು ಬಿಸಿಲಿಗೆ ಎಂದು ಹೇಳಿಕೊಳ್ಳಬಹುದಿತ್ತು.

* * *

ಮೊದಲ ದಿನ ಅವನು ದಡಕ್ಕೆ ಕಟ್ಟಿದ ದೋಣಿಯಲ್ಲಿ ಕೂತು ಸಂಜೆಯವರೆಗೆ ನೀರು ಚೆಲ್ಲಿದ. ಸೊಂಟ ಹಿಡಿಯಿತು. ಅತ್ತೆ ಬಂದು, “ಪೆನ್ನು ಹಿಡಿದಷ್ಟು ಸುಲಭ ಅಲ್ಲ, ಅಲ್ವಾ ಪೆನ್ನಪ್ಪ?” ಎಂದು ಮುಖಕ್ಕೆ ಮಂಗಳಾರತಿ ಎತ್ತಿ ಹೋದಳು. ಅವನಿಗೆ ತನಗಿಟ್ಟ ಹೆಸರು ತಿಳಿದದ್ದು ಆಗಲೇ. ಅಪ್ಪ ಬೆಂಚಿನಲ್ಲಿ ಕೂತು ಹುಟ್ಟು ಕೆತ್ತುತ್ತಿದ್ದರು.

ಎರಡನೇ ದಿನ ಪತ್ರಿಕೆಯಲ್ಲಿ ಬರಹ ಬಂತು. ಬೀಗ ಇರಲಿಲ್ಲ. ‘ಎರಡು ವರ್ಷದ ಹಿಂದೆ ಒಬ್ಬ ಮೇಸ್ತ್ರಿಯ ಬಗ್ಗೆ ಅರ್ಧ ಮಾತನ್ನು ಬೀದಿಯಲ್ಲಿಟ್ಟು, ಉಳಿದ ಅರ್ಧವನ್ನು ಮಾರಿದೆ,’ ಎಂದು ಶುರುವಾಗಿತ್ತು. ಅವನ ಆಫೀಸಿನಿಂದ ಫೋನಿನ ಮೇಲೆ ಫೋನು, ಬೈಗುಳದ ಮೇಲೆ ಬೈಗುಳ. ಅವನು ಫೋನನ್ನು ಕಲ್ಲಿನ ಮೇಲಿಟ್ಟು, ಸ್ಪೀಕರ್ ಹಾಕಿ, ನೀರು ಚೆಲ್ಲುತ್ತಲೇ ಬೈಸಿಕೊಂಡ. ಸಣ್ಣಮೇಸ್ತ್ರಿ ಹತ್ತಿರದಲ್ಲೇ ಏನೋ ಕೆಲಸವಿದ್ದಂತೆ ನಿಂತು ಪ್ರತಿಯೊಂದು ಬೈಗುಳವನ್ನೂ ಕಿವಿತುಂಬ ಕೇಳಿದಳು. ಹಾಲು ಕುಡಿದಷ್ಟು ಸಂತೋಷವಾಯಿತು. ನಾಲ್ಕನೇ ಫೋನಿನ ಹೊತ್ತಿಗೆ ಮಾತ್ರ, “ಸಾಕು ಬಿಡಿ, ಕಟ್ ಮಾಡಿ,” ಎಂದಳು.

ಅವತ್ತು ಸಂಜೆ ಅಪ್ಪ ಬೆಂಚಿನಿಂದ ಎದ್ದು ಬಂದರು. ಅವನ ಕೈಯಿಂದ ಪ್ಲಾಸ್ಟಿಕ್ ಮಗ್ಗು ಕಿತ್ತುಕೊಂಡು, ತಾವೇ ಕೆತ್ತಿದ ಮರದ ಮೊಗೆ ಕೊಟ್ಟರು. “ಇದ್ರಲ್ಲಿ ಮೊಗೀರಿ. ಅದು ಮೂಲೆ ಮುಟ್ಟಲ್ಲ,” ಎಂದು ಹೊರಟುಹೋದರು.

ಮೂರನೇ ದಿನ ಮೊಗೆಗೆ ಕೆಲಸವೇ ಇರಲಿಲ್ಲ. ಅಪ್ಪ ದೋಣಿಗಿಳಿದು ತಳದ ಮೇಲೆ ಅಂಗೈ ಆಡಿಸಿದರು. ಒಣಗಿತ್ತು. ಸಂದುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಮಗಳ ಕಡೆ ತಿರುಗಿ, “ಕೈ ಚೆನ್ನಾಗಿ ಕೂತಿದೆ ನಿಂಗೆ,” ಎಂದರು.

“ಅಪ್ಪ, ಅವತ್ತು ನಿಮ್ಮ ದೋಣೀನ ಒಣಗಿಸಿದ್ದು ನಾನು. ನನ್ನಿಂದ ನಿಮಗೆ ಹೀಗಾಯ್ತು.”

“ಗೊತ್ತಿಲ್ವೇನೇ ನಂಗೆ? ಬೇಡ ಅಂದೋನೇ ನಾನು.” “ಊರು ಏನು ಬೇಕಾದ್ರೂ ಅನ್ಲಿ, ಅದು ನನಗೆ ತಾಗಲಿಲ್ಲ ಮಗಳೇ. ನೀನು ಒಂದು ಮಾತು ಅಂತೀಯಾ ಅಂತ ನೋಡ್ತಿದ್ದೆ. ನೀನು ಆ ಹುಡುಗನ್ನ ಬೈಯೋದ್ರಲ್ಲೇ ಇದ್ದೆ.”

ಅವಳು ಅಪ್ಪನ ಭುಜಕ್ಕೆ ಹಣೆ ಹಚ್ಚಿದಳು. ಅವರು ಅವಳ ತಲೆ ತಟ್ಟಿ, ಶೆಡ್ಡಿನೊಳಗೆ ಹೋಗಿ, ಜೇಡನ ಬಲೆ ಬಿಡಿಸಿ ಬಾಚಿ ಕೆಳಗಿಳಿಸಿದರು. ಸ್ವಲ್ಪ ಹೊತ್ತಿಗೆ ಮರಕ್ಕೆ ಬಾಚಿ ಬೀಳುವ ಸದ್ದು ಕೇಳಿತು. ಅತ್ತೆ ಅಲ್ಲೇ ಕೂತು ಸೆರಗಿನಿಂದ ಮೂಗೊರೆಸಿಕೊಂಡಳು.

ದೋಣಿಯಲ್ಲಿ ಇನ್ನೂ ಮೊಗೆ ಹಿಡಿದು ಕೂತಿದ್ದವನು ಕೇಳಿದ, “ಹಗೆ ತೀರಿತಾ?”

“ಅಷ್ಟು ಸುಲಭಾನಾ? ನಾಳೆನೂ ಬನ್ನಿ.”

ನಾಳೆಯೂ ಬಂದ. ನಾಡಿದ್ದೂ ಬಂದ. ಬೈಸಿಕೊಳ್ಳಲು ಪ್ರತಿದಿನ ಏನಾದರೊಂದು ಸಿಗುತ್ತಿತ್ತು. ಈಜು ಕಲಿಯಲು ನೀರಿಗಿಳಿದವನು ಅವಳ ಕೈ ಬಿಡಲೊಲ್ಲದೆ ಒಂದು ವಾರ ಕಲಿತ. ಅಷ್ಟು ದಡ್ಡ ಅವನಲ್ಲ ಎಂದು ಅವಳಿಗೆ ಎರಡನೇ ದಿನವೇ ಗೊತ್ತಾಗಿತ್ತು, ಆದರೂ ಕೈ ಬಿಡಲಿಲ್ಲ.

ಮೂವತ್ತನೇ ದಿನ ಮಧ್ಯಾಹ್ನ ಇಬ್ಬರೂ ಅದೇ ಪುಟ್ಟ ದೋಣಿಯಲ್ಲಿದ್ದರು. ಅವಳ ಫೋನು ಸದ್ದು ಮಾಡಿತು. ‘ನಿಮ್ಮ ಚಂದಾ ಇಂದು ಮುಗಿಯುತ್ತದೆ. ಮುಂದುವರಿಸುವಿರಾ?’

“ಮುಂದುವರಿಸಿ,” ಎಂದ ಅವನು. “ಕೊಟ್ಟ ದುಡ್ಡಿಗೆ ಮೋಸ ಆಯ್ತಾ?”

“ಎರಡು ವರ್ಷದ ಹಿಂದೆಯೇ ಕೊಟ್ಟಿದ್ರೆ ಎಷ್ಟೋ ಉಳೀತಿತ್ತು,” ಎಂದಳು ಅವಳು. ಹೇಳುತ್ತಲೇ ‘ಬೇಡ’ ಒತ್ತಿದಳು.

ಅವನ ಮುಖ ಸಪ್ಪೆಯಾಯಿತು. “ಇನ್ನು ಮೇಲೆ ನಾನು ಬರೆಯೋದು ಓದಲ್ವಾ?”

“ಓದಲ್ಲ. ನೀನೇ ಓದಿ ಹೇಳ್ಬೇಕು. ಹೊರಗಿಂದು, ಒಳಗಿಂದು, ಎಲ್ಲಾ. ಲೋಕಕ್ಕಿಂತ ಮೊದಲು ನನಗೆ. ಬಿಟ್ಟಿಯಾಗಿ. ಬದುಕಿಡೀ. ಅದು ಮೂರನೇ ಶಿಕ್ಷೆ.”

ಅವಳು ಮೊದಲ ಸಲ ‘ನೀನು’ ಎಂದಿದ್ದಳು. ಅವನ ಕೈಯಿಂದ ಹುಟ್ಟು ಜಾರಿ ನೀರಿಗೆ ಬಿತ್ತು. ಹಿಡಿಯಬೇಕೆಂದು ಅವನಿಗೂ ತೋಚಲಿಲ್ಲ, ಅವಳಿಗೂ ತೋಚಲಿಲ್ಲ.

ಫೋನು ಇನ್ನೊಂದು ಪ್ರಶ್ನೆ ಕೇಳುತ್ತಿತ್ತು. ಯಾಕೆ ಬಿಡುತ್ತಿದ್ದೀರಿ? ದುಬಾರಿಯಾಯಿತೇ? ಇಷ್ಟವಾಗಲಿಲ್ಲವೇ? ಇತರೆ ಕಾರಣವೇ? ಅವಳು ‘ಇತರೆ’ ಒತ್ತಿ, ಕೆಳಗಿನ ಖಾಲಿ ಜಾಗದಲ್ಲಿ ಬರೆದಳು: ‘ಬರೆಯುವವನನ್ನೇ ಹಿಡಿದು ಹಾಕಿಕೊಂಡಿದ್ದೇನೆ.’